ತಿಪ್ಪೆ ಸಾರಿಸಿ ಅಂಗಳ ಎನ್ನುವವರು

ಮಣ್ಣು ಪರೀಕ್ಷೆಗೆ ಮಾದರಿ ತೆಗೆಯುವುದು ಹೇಗೆಂದು ನಮ್ಮ ಕಡೆಯ ರೈತರಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ. ಹೊಲದಲ್ಲಿ ಅಂಕುಡೊಂಕಾಗಿ ನಡೆದು ಹತ್ತಾರು ಕಡೆ ಗುಂಡಿ ತೋಡಬೇಕು. ಬದುವಿನ ಮಣ್ಣು ಬೇಡ, ಗೊಬ್ಬರದ ಗುಂಡಿ ಪಕ್ಕದ್ದು ಬೇಡ, ಮರದ ಬುಡದ್ದು ಬೇಡ. ಎಲ್ಲವನ್ನೂ ಬೆರೆಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಚೆಲ್ಲಿ, ಕೊನೆಗೆ ಉಳಿದ ಅರ್ಧ ಕೆಜಿಯನ್ನು ಚೀಲಕ್ಕೆ ತುಂಬಿ, ಸರ್ವೆ ನಂಬರ್ ಬರೆದು ಕಳಿಸಬೇಕು. ಪಕ್ಕದ ತೋಟದ ಒಳ್ಳೆ ಮಣ್ಣು ತುಂಬಿ ಕಳಿಸಿದರೆ ರಿಪೋರ್ಟ್ ಚೆನ್ನಾಗಿ ಬರುತ್ತದೆ. ಬೆಳೆ ಬರುವುದಿಲ್ಲ. ಇಷ್ಟು ತಿಳಿಯಲು ಡಿಗ್ರಿ ಬೇಕಿಲ್ಲ.

ಆದರೆ ಇದೇ ಕೆಲಸವನ್ನು ಅಮೆರಿಕದಲ್ಲಿ ಡಿಗ್ರಿ ಇದ್ದವರ ಕಣ್ಣೆದುರೇ ಮಾಡಲಾಯಿತು. ಅದೂ ಸಾರಜನಕ, ರಂಜಕ ಅಳೆಯಲು ತೆಗೆದ ಮಣ್ಣಿನಲ್ಲಲ್ಲ. ವಿಕಿರಣ ಅಳೆಯಲು ತೆಗೆದ ಮಣ್ಣಿನಲ್ಲಿ.

ಹಳೆಯ ಅಣು ನೆಲೆಗಳನ್ನು ಸ್ವಚ್ಛ ಮಾಡುವ ಬಗ್ಗೆ ನಮ್ಮ ಪತ್ರಿಕೆಗಳಲ್ಲಿ ಸುದ್ದಿ ಬರುವುದೇ ಕಡಿಮೆ. ಬಂದರೂ ಅದರ ಕೊನೆಯ ಸಾಲು ಒಂದೇ: 'ಜನರಿಗೆ ಯಾವುದೇ ಅಪಾಯವಿಲ್ಲ ಎಂದು ಅಧಿಕಾರಿಗಳು ಸ್ಪಷ್ಟಪಡಿಸಿದ್ದಾರೆ.' ಪತ್ರಿಕೋದ್ಯಮ ಓದಿದ ನಾವು ಈ ಸಾಲನ್ನು ಎಷ್ಟು ಬಾರಿ ಓದಿದ್ದೇವೋ ಲೆಕ್ಕವಿಲ್ಲ. ನಮ್ಮ ತಕರಾರು ಇರುವುದು ಇದೇ ಸಾಲಿನ ಮೇಲೆ. ಅಪಾಯವಿಲ್ಲ ಎಂದು ಹೇಳಿದವರು ಯಾರು? ಅಳೆದವರು ಯಾರು? ಅಳೆದವರಿಗೆ ಸಂಬಳ ಕೊಟ್ಟವರು ಯಾರು? ಗಲೀಜು ಮಾಡಿದವನೇ ಅಳೆದು, ಗಲೀಜು ಮಾಡಿದವನೇ ಶುದ್ಧವಾಯಿತು ಎಂದು ಸರ್ಟಿಫಿಕೇಟ್ ಬರೆದುಕೊಂಡರೆ ಅದು ಸ್ವಚ್ಛತೆ ಅಲ್ಲ. ತಿಪ್ಪೆ ಸಾರಿಸುವ ಕೆಲಸ.

ಮೊದಲು ಆ ಅಮೆರಿಕದ ಕಥೆ ನೋಡೋಣ.

ಸ್ಯಾನ್ ಫ್ರಾನ್ಸಿಸ್ಕೋ ನಗರದ ಆಗ್ನೇಯ ಮೂಲೆಯಲ್ಲಿ ಹಂಟರ್ಸ್ ಪಾಯಿಂಟ್ ಎಂಬ ಹಡಗುಕಟ್ಟೆ ಇದೆ. ಅಮೆರಿಕದ ನೌಕಾಪಡೆಯದು. 1946ರ ಜುಲೈನಲ್ಲಿ ಪೆಸಿಫಿಕ್ ಸಾಗರದ ಬಿಕಿನಿ ದ್ವೀಪಗಳಲ್ಲಿ ಅಮೆರಿಕ ಎರಡು ಅಣುಬಾಂಬ್ ಸಿಡಿಸಿತು. ಹಡಗುಗಳಿಗೆ ಏನಾಗುತ್ತದೆ ಎಂದು ನೋಡುವುದಕ್ಕಾಗಿ ಹಳೆಯ ಯುದ್ಧನೌಕೆಗಳನ್ನೇ ಗುರಿಯಾಗಿ ನಿಲ್ಲಿಸಿತ್ತು. ಮುಳುಗದೆ ಉಳಿದ ಹಡಗುಗಳಲ್ಲಿ ಕೆಲವನ್ನು ಎಳೆದು ತಂದದ್ದು ಈ ಹಂಟರ್ಸ್ ಪಾಯಿಂಟ್‌ಗೆ. ಅವುಗಳ ಮೈಗೆ ಹತ್ತಿದ ವಿಕಿರಣವನ್ನು ಮರಳು ಚಿಮ್ಮಿಸಿ ಉಜ್ಜಿ ತೆಗೆದರು. ಹಾಗೆ ಉಜ್ಜಿದ್ದು ಗಾಳಿಗೆ ಹೋಗಿ ಮಾಯವಾಗುವುದಿಲ್ಲ. ಮಣ್ಣಿಗೆ, ಚರಂಡಿಗೆ, ಕೊಲ್ಲಿಯ ನೀರಿಗೆ ಇಳಿಯುತ್ತದೆ. ಇಂಡಿಪೆಂಡೆನ್ಸ್ ಎಂಬ ವಿಮಾನವಾಹಕ ನೌಕೆಯನ್ನು 1951ರಲ್ಲಿ ಸಮುದ್ರಕ್ಕೆ ಕೊಂಡೊಯ್ದು ಮುಳುಗಿಸಿದರು. ಅದೇ ಹಡಗುಕಟ್ಟೆಯಲ್ಲಿ ನೌಕಾಪಡೆಯ ವಿಕಿರಣ ಸಂಶೋಧನಾ ಪ್ರಯೋಗಾಲಯ 1969ರವರೆಗೆ ನಡೆಯಿತು. ಕತ್ತಲಲ್ಲಿ ಹೊಳೆಯಲೆಂದು ರೇಡಿಯಂ ಬಳಿದ ಹಡಗಿನ ಉಪಕರಣಗಳು, ಬಿಲ್ಲೆಗಳು ಅಲ್ಲಿನ ಮಣ್ಣಿನೊಳಗೆ ಸೇರಿದವು. ರೇಡಿಯಂ ಅರ್ಧಕ್ಕಿಳಿಯಲು 1600 ವರ್ಷ ಬೇಕು.

ಹಡಗುಕಟ್ಟೆ 1974ರಲ್ಲಿ ಮುಚ್ಚಿತು. 1989ರಲ್ಲಿ ಅದು ಅಮೆರಿಕದ ಅತಿ ಕಲುಷಿತ ಜಾಗಗಳ ಸೂಪರ್‌ಫಂಡ್ ಪಟ್ಟಿಗೆ ಸೇರಿತು. ಆ ಹೊತ್ತಿಗೆ ಸುತ್ತ ಇದ್ದವರು ಯಾರು? ಎರಡನೇ ಮಹಾಯುದ್ಧದ ಕಾಲದಲ್ಲಿ ಇದೇ ಹಡಗುಕಟ್ಟೆಯ ಕೂಲಿಗೆಂದು ಬಂದು, ಬೇರೆ ಬಡಾವಣೆಗಳಲ್ಲಿ ಮನೆ ಸಿಗದೆ ಇಲ್ಲೇ ನೆಲೆನಿಂತ ಕಪ್ಪು ಜನರ ಕುಟುಂಬಗಳು. ಎಲ್ಲ ದೇಶದಲ್ಲೂ ಊರಿನ ಕೊಳೆ ಹರಿದು ಬರುವುದು ಯಾವ ಕೇರಿಗೆ ಎಂದು ನಮಗೆ ಬಿಡಿಸಿ ಹೇಳಬೇಕಿಲ್ಲ.

ಸ್ವಚ್ಛಗೊಳಿಸಿ ಅಲ್ಲಿ ಸಾವಿರಾರು ಮನೆ ಕಟ್ಟುವ ಯೋಜನೆ ತಯಾರಾಯಿತು. ನೌಕಾಪಡೆ ಟೆಟ್ರಾ ಟೆಕ್ ಇಸಿ ಎಂಬ ಕಂಪನಿಗೆ ಗುತ್ತಿಗೆ ಕೊಟ್ಟಿತು. ಕೆಲಸದ ಕ್ರಮ ಹೀಗೆ: ಹಳೆಯ ಚರಂಡಿ ಸಾಲುಗಳನ್ನು ಅಗೆದು ಮಣ್ಣು ಮೇಲೆತ್ತಿ ಹರಡಬೇಕು, ಯಂತ್ರ ಆಡಿಸಬೇಕು, ಮಾದರಿ ತೆಗೆದು ಲ್ಯಾಬಿಗೆ ಕಳಿಸಬೇಕು. ನಿಗದಿಗಿಂತ ಹೆಚ್ಚು ಬಂದರೆ ಆ ಮಣ್ಣು ವಿಕಿರಣ ತ್ಯಾಜ್ಯವೆಂದು ದೂರ ಸಾಗಬೇಕು, ಆ ಗುಂಡಿಯನ್ನು ಇನ್ನಷ್ಟು ಅಗೆಯಬೇಕು, ಮತ್ತೆ ಅಳೆಯಬೇಕು. ಕಡಿಮೆ ಬಂದರೆ ಮಣ್ಣು ವಾಪಸ್ ಗುಂಡಿಗೆ, ಕಡತಕ್ಕೆ ಸಹಿ. ಅಂದರೆ ಲ್ಯಾಬಿನ ಒಂದು ಅಂಕಿಯ ಮೇಲೆ ಕಂಪನಿಯ ವಾರಗಟ್ಟಲೆ ಕೆಲಸ, ದುಡ್ಡು ಎರಡೂ ನಿಂತಿವೆ. ಆ ಮಾದರಿ ತೆಗೆಯುವ ಕೈ ಕೂಡ ಅದೇ ಕಂಪನಿಯದು.

ಆಮೇಲೆ ಆಗಬೇಕಾದದ್ದೇ ಆಯಿತು. 2012ರಲ್ಲಿ ನೌಕಾಪಡೆಗೆ ಅನುಮಾನ ಬಂತು. ಒಂದು ಜಾಗದ್ದೆಂದು ಬರೆದಿದ್ದ ಮಣ್ಣು ಅದೇ ಜಾಗದ ಹಿಂದಿನ ಮಾದರಿಗಳನ್ನು ಹೋಲುತ್ತಿರಲಿಲ್ಲ. ಅಲ್ಲಿ ದುಡಿದ ಕೆಲಸಗಾರರೇ ಮುಂದೆ ಬಂದು, ಬೇರೆ ಕಡೆಯ ಶುದ್ಧ ಮಣ್ಣನ್ನು ಮಾದರಿಯೆಂದು ತುಂಬಿಸಿದರು ಎಂದು ಬಾಯಿಬಿಟ್ಟರು. 2018ರಲ್ಲಿ ಕಂಪನಿಯ ಇಬ್ಬರು ಮಾಜಿ ಮೇಲ್ವಿಚಾರಕರು ದಾಖಲೆ ತಿದ್ದಿದ ತಪ್ಪಿಗೆ ತಲಾ 8 ತಿಂಗಳು ಜೈಲಿಗೆ ಹೋದರು. ಅದಕ್ಕೂ ಮೊದಲೇ, 2017ರ ಡಿಸೆಂಬರ್‌ನಲ್ಲಿ, ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ಕಡತಗಳನ್ನು ತಿರುವಿಹಾಕಿ ತನ್ನ ಅಭಿಪ್ರಾಯ ಕೊಟ್ಟಿತ್ತು. ಹಡಗುಕಟ್ಟೆಯ ಬಿ ಭಾಗದಲ್ಲಿ ಅಳತೆ ಮಾಡಿದ ತುಂಡುಗಳ ಪೈಕಿ ಶೇ. 90, ಜಿ ಭಾಗದಲ್ಲಿ ಶೇ. 97 ತುಂಡುಗಳ ದತ್ತಾಂಶ ನಂಬುವಂತಿಲ್ಲ, ಮತ್ತೆ ಅಳೆಯಬೇಕು ಎಂಬುದೇ ಆ ಅಭಿಪ್ರಾಯ.

ಶೇ. 97. ಪರೀಕ್ಷೆಯಲ್ಲಿ ನೂರಕ್ಕೆ ಮೂರು ಉತ್ತರ ಮಾತ್ರ ಸ್ವಂತದ್ದು ಎಂದು ಸಿಕ್ಕಿಬಿದ್ದ ಹುಡುಗನನ್ನು ನಾವು ಪಾಸು ಮಾಡುತ್ತೇವೆಯೇ?

ಕಂಪನಿಯ ಉತ್ತರ ಎಲ್ಲರೂ ಊಹಿಸಬಹುದಾದ್ದೇ. ಕೆಳಗಿನ ಕೆಲವರು ಮಾಡಿದ ತಪ್ಪು, ಸಂಸ್ಥೆಯದಲ್ಲ. 2025ರ ಜನವರಿಯಲ್ಲಿ ಅದು ಅಮೆರಿಕ ಸರ್ಕಾರಕ್ಕೆ 9.7 ಕೋಟಿ ಡಾಲರ್ ಕೊಟ್ಟು ದಾವೆ ಬಗೆಹರಿಸಿಕೊಳ್ಳಲು ಒಪ್ಪಿತು. ಕೋರ್ಟು ಹೊಣೆ ಯಾರದೆಂದು ತೀರ್ಮಾನಿಸಲಿಲ್ಲ. ಇರಲಿ, ಕಂಪನಿಯ ಮಾತನ್ನೇ ಒಪ್ಪೋಣ. ಕೆಲವೇ ಕೆಲವರು ಕೆಟ್ಟವರು ಎಂದುಕೊಳ್ಳೋಣ. ಆಗಲೂ ಪ್ರಶ್ನೆ ಹಾಗೇ ಉಳಿಯುತ್ತದೆ: ಕೆಲವರು ಕೆಟ್ಟರೆ ಇಡೀ ಬಡಾವಣೆಯ ಲೆಕ್ಕ ಕೆಡುವಂಥ ವ್ಯವಸ್ಥೆಯನ್ನು ಕಟ್ಟಿದ್ದು ಯಾರು? ಗುತ್ತಿಗೆದಾರ ತೆಗೆದ ಮಣ್ಣಿನ ಪಕ್ಕದಲ್ಲೇ ಇನ್ನೊಂದು ಹಿಡಿ ಮಣ್ಣು ತೆಗೆದು ಬೇರೆ ಲ್ಯಾಬಿಗೆ ಕಳಿಸಲು ಎಷ್ಟು ಖರ್ಚಾಗುತ್ತಿತ್ತು? ಮೇಲ್ವಿಚಾರಣೆ ಮಾಡಬೇಕಿದ್ದ ನೌಕಾಪಡೆ ವರ್ಷಗಟ್ಟಲೆ ಕಡತವನ್ನೇ ನೋಡಿತು, ಗುಂಡಿಯನ್ನು ನೋಡಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ ದನವನ್ನು ಬೈದು ಏನು ಪ್ರಯೋಜನ?

ಇದರ ಮುಂದಿನ ಅಧ್ಯಾಯ ಇನ್ನೂ ಪಾಠ ಹೇಳುತ್ತದೆ. ಹಡಗುಕಟ್ಟೆಯ ಎ ಭಾಗವನ್ನು 2004ರಲ್ಲೇ ನಗರಕ್ಕೆ ಬಿಟ್ಟುಕೊಟ್ಟಿದ್ದರು. ಅಲ್ಲಿ ಮನೆಗಳೂ ಎದ್ದಿದ್ದವು, ಜನ ಸಾಲ ಮಾಡಿ ಕೊಂಡಿದ್ದರು. ಅದು ಶುದ್ಧ, ಅಳೆಯುವ ಅಗತ್ಯವಿಲ್ಲ ಎಂಬುದು ಅಧಿಕಾರಿಗಳ ಮಾತಾಗಿತ್ತು. ಹಗರಣ ಹೊರಬಿದ್ದ ಮೇಲೆ ಜನ ಪಟ್ಟು ಹಿಡಿದರು. 2018ರಲ್ಲಿ ಕ್ಯಾಲಿಫೋರ್ನಿಯಾದ ಆರೋಗ್ಯ ಇಲಾಖೆ ಯಂತ್ರ ಆಡಿಸಿತು. ಮನೆಗಳ ಸಮೀಪದ ಇಳಿಜಾರಿನ ಮಣ್ಣಿನಲ್ಲಿ, ಒಂದು ಅಡಿಯೂ ಆಳವಿಲ್ಲದ ಜಾಗದಲ್ಲಿ, ಹಡಗಿನ ಅಟ್ಟಕ್ಕೆ ಜಡಿಯುತ್ತಿದ್ದ ರೇಡಿಯಂ ಬಿಲ್ಲೆಯೊಂದು ಸಿಕ್ಕಿತು. ಒಂದೇ ಒಂದು ಬಿಲ್ಲೆ, ಅದರಿಂದ ನಿವಾಸಿಗಳಿಗೆ ಅಪಾಯವಾಗಿಲ್ಲ ಎಂದರು. ಆಗಿಲ್ಲದಿರಬಹುದು. ಆದರೆ ನಮ್ಮ ವಾದ ಬಿಲ್ಲೆಯ ಗಾತ್ರದ ಬಗ್ಗೆ ಅಲ್ಲ. 'ಇಲ್ಲಿ ಏನೂ ಇಲ್ಲ' ಎಂದು 14 ವರ್ಷ ಹೇಳಿದ ಜಾಗದಲ್ಲಿ ಏನೋ ಇತ್ತು. ಅದು ಸಿಕ್ಕಿದ್ದು ಜನ ಕೇಳಿದ್ದಕ್ಕೆ, ಮಾಲೀಕನಲ್ಲದವನು ಅಳೆದದ್ದಕ್ಕೆ.

ಇಷ್ಟೆಲ್ಲ ಆದ ಮೇಲಾದರೂ ಬುದ್ಧಿ ಬಂತೇ? 2024ರ ನವೆಂಬರ್‌ನಲ್ಲಿ ಅದೇ ಹಡಗುಕಟ್ಟೆಯ ಗಾಳಿಯ ಮಾದರಿಯೊಂದರಲ್ಲಿ ಮಿತಿ ಮೀರಿದ ಪ್ಲುಟೋನಿಯಂ ಅಂಶ ಕಂಡಿತು. ನಗರದ ಆರೋಗ್ಯ ಅಧಿಕಾರಿಗಳಿಗೆ ನೌಕಾಪಡೆ ಅದನ್ನು ತಿಳಿಸಿದ್ದು 2025ರ ಅಕ್ಟೋಬರ್‌ನಲ್ಲಿ. ನಡುವೆ 11 ತಿಂಗಳು. ಆ ಗಾಳಿ ಉಸಿರಾಡುವವರಿಗೆ ಸುದ್ದಿ ಕೊನೆಗೆ ಸಿಕ್ಕಿತು.

ಎರಡನೆಯ ಕಥೆ ಕೊಲೊರಾಡೊ ರಾಜ್ಯದ್ದು. ಇದರಲ್ಲಿ ಮಣ್ಣು ಬದಲಾಗಲಿಲ್ಲ, ಅಂಕಿ ಬದಲಾಯಿತು.

ಡೆನ್ವರ್ ನಗರದಿಂದ ಸುಮಾರು 25 ಕಿ.ಮೀ. ದೂರದ ರಾಕಿ ಫ್ಲಾಟ್ಸ್‌ನಲ್ಲಿ 1952ರಿಂದ 1989ರವರೆಗೆ ಅಣುಬಾಂಬಿನ ಪ್ಲುಟೋನಿಯಂ ಗುಂಡಿಗೆಗಳನ್ನು ತಯಾರಿಸುತ್ತಿದ್ದರು. 1969ರಲ್ಲಿ ಅಲ್ಲಿ ದೊಡ್ಡ ಬೆಂಕಿ ಬಿತ್ತು. ಹೊರಗೆ ಏನೂ ಹೋಗಿಲ್ಲ ಎಂಬ ಭರವಸೆಯನ್ನು ನಂಬದ ಎಡ್ ಮಾರ್ಟೆಲ್ ಎಂಬ ವಿಜ್ಞಾನಿ ತನ್ನ ಸಂಗಡಿಗನ ಜೊತೆ ಬೇಲಿಯ ಹೊರಗಿನ ಮಣ್ಣು ತಂದು ಪರೀಕ್ಷಿಸಿದ. ಪ್ಲುಟೋನಿಯಂ ಸಿಕ್ಕಿತು. ಆಗ ಅಧಿಕಾರಿಗಳು ಕೊಟ್ಟ ವಿವರಣೆ ನೋಡಿ: ಅದು ಬೆಂಕಿಯಿಂದ ಬಂದದ್ದಲ್ಲ, ಬಯಲಿನಲ್ಲಿ ನಿಲ್ಲಿಸಿದ್ದ ಪ್ಲುಟೋನಿಯಂ ಎಣ್ಣೆಯ ಡ್ರಮ್ಮುಗಳು ಸೋರಿ, ಆ ಮಣ್ಣು ಗಾಳಿಗೆ ಹಾರಿ ಹೋದದ್ದು! ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎಂಬ ಮಾತಿಗೆ ಇದಕ್ಕಿಂತ ಒಳ್ಳೆ ಉದಾಹರಣೆ ಸಿಗಲಾರದು. ಒಬ್ಬ ಹೊರಗಿನವನು ಒಂದು ಹಿಡಿ ಮಣ್ಣು ತೆಗೆಯದೇ ಇದ್ದಿದ್ದರೆ ಆ ಡ್ರಮ್ಮುಗಳ ಕಥೆ ಎಂದು ಹೊರಬರುತ್ತಿತ್ತೋ?

1989ರ ಜೂನ್ 6ರಂದು ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ತನ್ನದೇ ಸರ್ಕಾರದ ಈ ಕಾರ್ಖಾನೆಯ ಮೇಲೆ ದಾಳಿ ಮಾಡಿತು. ಕಾರ್ಖಾನೆ ನಡೆಸುತ್ತಿದ್ದ ರಾಕ್‌ವೆಲ್ ಕಂಪನಿ 1992ರಲ್ಲಿ ಪರಿಸರ ಅಪರಾಧ ಒಪ್ಪಿಕೊಂಡು 1.85 ಕೋಟಿ ಡಾಲರ್ ದಂಡ ಕಟ್ಟಿತು. ಆಮೇಲೆ ಸ್ವಚ್ಛತೆಯ ಮಾತು. ಮೊದಲ ಅಂದಾಜು: 65 ವರ್ಷ, 3,700 ಕೋಟಿ ಡಾಲರ್. ಕೊನೆಗೆ ಮುಗಿದದ್ದು 2005ರಲ್ಲಿ, 700 ಕೋಟಿ ಡಾಲರಿಗೆ. ಇದನ್ನು ದೊಡ್ಡ ಯಶಸ್ಸು ಎಂದು ಹೊಗಳುತ್ತಾರೆ. ನಾವು ಪೂರ್ತಿ ಅಲ್ಲಗಳೆಯುವುದಿಲ್ಲ. 800ಕ್ಕೂ ಹೆಚ್ಚು ಕಟ್ಟಡಗಳನ್ನು ಕೆಡವಿ, ಟನ್ನುಗಟ್ಟಲೆ ಅಪಾಯಕಾರಿ ವಸ್ತು ಸಾಗಿಸಿದ ಕೆಲಸಗಾರರ ಶ್ರಮ ಸುಳ್ಳಲ್ಲ. ಆದರೆ 'ಸ್ವಚ್ಛ' ಎಂದರೆ ಎಷ್ಟು ಎಂಬುದನ್ನು ಕೇಳಬೇಕು.

1996ರಲ್ಲಿ ಇಂಧನ ಇಲಾಖೆ ಮತ್ತು ನಿಯಂತ್ರಕರು ಒಪ್ಪಿಕೊಂಡ ಮಿತಿ, ಒಂದು ಗ್ರಾಂ ಮಣ್ಣಿನಲ್ಲಿ 651 ಪಿಕೋಕ್ಯೂರಿ ಪ್ಲುಟೋನಿಯಂ. ಒಂದು ಪಿಕೋಕ್ಯೂರಿ ಎಂದರೆ ನಿಮಿಷಕ್ಕೆ ಎರಡಕ್ಕಿಂತ ತುಸು ಹೆಚ್ಚು ಪರಮಾಣುಗಳು ಸಿಡಿಯುವುದು. ಸುತ್ತಲಿನ ಜನ ಈ ಅಂಕಿಗೆ ಸುಮ್ಮನಾಗಲಿಲ್ಲ. ಗಲಾಟೆ ಮಾಡಿದರು, ಸ್ವತಂತ್ರ ತಜ್ಞರಿಂದ ಲೆಕ್ಕ ಹಾಕಿಸಲು ಸರ್ಕಾರದಿಂದಲೇ ದುಡ್ಡು ಪಡೆದರು. ಆ ಸ್ವತಂತ್ರ ಲೆಕ್ಕ ಹೇಳಿದ್ದು 35. ಕೊನೆಗೆ ಗಟ್ಟಿಯಾದದ್ದು 50. ಅಂದರೆ 651 ಇದ್ದದ್ದು 50ಕ್ಕೆ ಇಳಿಯಿತು. ಜನ ಬಾಯಿ ಮುಚ್ಚಿಕೊಂಡಿದ್ದರೆ ಹದಿಮೂರು ಪಟ್ಟು ಹೆಚ್ಚು ಪ್ಲುಟೋನಿಯಂ ಇರುವ ಮಣ್ಣಿಗೂ 'ಸುರಕ್ಷಿತ' ಎಂಬ ಮುದ್ರೆ ಬೀಳುತ್ತಿತ್ತು, ಅದೂ ವಿಜ್ಞಾನದ ಹೆಸರಿನಲ್ಲಿ.

ಆದರೆ ಈ 50 ಕೂಡ ಮೇಲಿನ 3 ಅಡಿಗೆ ಮಾತ್ರ. 3ರಿಂದ 6 ಅಡಿವರೆಗೆ ನಿಯಮ ಎಷ್ಟೋ ಪಟ್ಟು ಸಡಿಲ. 6 ಅಡಿಯ ಕೆಳಗೆ ಮಣ್ಣಿಗೆ ಮಿತಿಯೇ ಇಲ್ಲ. ಬಿಲ ತೋಡುವ ಹೆಗ್ಗಣಕ್ಕೆ, ಆಳಕ್ಕಿಳಿಯುವ ಬೇರಿಗೆ, ಮಳೆನೀರಿಗೆ ಈ ಒಪ್ಪಂದದ ಪ್ರತಿ ತಲುಪಿದೆಯೇ? ಕಾರ್ಖಾನೆಯ ಸುತ್ತಲಿನ ಬಯಲು ಈಗ ವನ್ಯಜೀವಿ ಧಾಮ, 2018ರಲ್ಲಿ ಸಾರ್ವಜನಿಕರಿಗೆ ತೆರೆದಿದ್ದಾರೆ. ಮರುವರ್ಷವೇ ಪೂರ್ವದ ಅಂಚಿನಲ್ಲಿ ರಸ್ತೆ ಮಾಡಲೆಂದು ಮಣ್ಣು ಪರೀಕ್ಷಿಸಿದಾಗ ಒಂದು ಮಾದರಿಯಲ್ಲಿ 264 ಪಿಕೋಕ್ಯೂರಿ ಬಂತು. ಇತರ ಮಾದರಿಗಳು ಮಿತಿಯೊಳಗಿದ್ದವು ಎಂಬ ಸಮಾಧಾನ ಬಂತು. ಪ್ಲುಟೋನಿಯಂ ಹಾಗೆಯೇ ಇರುತ್ತದೆ, ಕಣಕಣವಾಗಿ, ಒಂದು ಕಡೆ ಇಲ್ಲ, ಮಾರು ದೂರದಲ್ಲಿ ಇದೆ. ಸರಾಸರಿಯ ಲೆಕ್ಕದಲ್ಲಿ ಅದು ಕಾಣೆಯಾಗುತ್ತದೆ. ಉಸಿರಿನ ಜೊತೆ ಒಂದು ಕಣ ಒಳಗೆ ಹೋದವನಿಗೆ ಸರಾಸರಿ ಕಟ್ಟಿಕೊಂಡು ಏನಾಗಬೇಕು?

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. ವಿಕಿರಣ ಎಂದರೆ ದೆವ್ವ ಎಂದು ಹೆದರಿಸುವುದು ನಮ್ಮ ಉದ್ದೇಶವಲ್ಲ. ಕಲ್ಲಿನಲ್ಲಿ, ನೀರಿನಲ್ಲಿ, ನಾವು ತಿನ್ನುವ ಬಾಳೆಹಣ್ಣಿನಲ್ಲೂ ಸ್ವಲ್ಪ ವಿಕಿರಣ ಇದ್ದೇ ಇದೆ. ಎಕ್ಸ್‌ರೇ, ಕ್ಯಾನ್ಸರ್ ಚಿಕಿತ್ಸೆ ಬೇಡ ಎನ್ನುವಷ್ಟು ದಡ್ಡರೂ ನಾವಲ್ಲ. ಅಣು ನೆಲೆಯ ಬಗ್ಗೆ ಪ್ರಶ್ನೆ ಕೇಳಿದ ಕೂಡಲೇ 'ಇವರು ವಿಜ್ಞಾನ ವಿರೋಧಿಗಳು' ಎಂಬ ಹಣೆಪಟ್ಟಿ ಅಂಟಿಸುವವರಿಗೆ ನಮ್ಮ ಉತ್ತರ ಇಷ್ಟೇ: ನಾವು ಕಡಿಮೆ ವಿಜ್ಞಾನ ಕೇಳುತ್ತಿಲ್ಲ, ಹೆಚ್ಚು ಕೇಳುತ್ತಿದ್ದೇವೆ. ಹೆಚ್ಚು ಕಡೆ ಅಳೆಯಿರಿ, ಹೆಚ್ಚು ಜನ ಅಳೆಯಲಿ, ಅಳೆದದ್ದನ್ನು ತೋರಿಸಿ. ಅಳತೆಯನ್ನು ಗುಟ್ಟು ಮಾಡುವವನು ವಿಜ್ಞಾನದ ಪರ ಹೇಗಾಗುತ್ತಾನೆ?

ಅದೂ ಅಲ್ಲದೆ ಈ ಕೊಳೆ ಕಣ್ಣಿಗೆ ಕಾಣುವುದಿಲ್ಲ, ವಾಸನೆ ಇಲ್ಲ, ರುಚಿ ಇಲ್ಲ. ಪ್ಲುಟೋನಿಯಂ ಹೊಮ್ಮಿಸುವ ಆಲ್ಫಾ ಕಣವನ್ನು ಒಂದು ಹಾಳೆ ಕಾಗದ ತಡೆಯುತ್ತದೆ. ಹಾಗಾಗಿ ಮಣ್ಣಿನೊಳಗೆ ಹುದುಗಿದ್ದನ್ನು ಪೇಟೆಯಲ್ಲಿ ಸಿಗುವ ಮೀಟರ್ ಹಿಡಿದು ಪತ್ತೆ ಮಾಡಲಾಗದು, ಲ್ಯಾಬಿಗೇ ಹೋಗಬೇಕು. ಧೂಳಾಗಿ ಶ್ವಾಸಕೋಶ ಸೇರಿದರೆ ಅದೇ ಕಣ ವರ್ಷಗಟ್ಟಲೆ ಒಳಗೆ ಕೂತು ಸುಡುತ್ತದೆ. ಕೆರೆಗೆ ಕಾರ್ಖಾನೆ ನೀರು ಬಿಟ್ಟರೆ ಮೀನು ಸತ್ತು ತೇಲಿ ಊರಿಗೆ ಸುದ್ದಿ ಮುಟ್ಟಿಸುತ್ತವೆ. ಇಲ್ಲಿ ಸುದ್ದಿ ಮುಟ್ಟಿಸುವ ಮೀನು ಇಲ್ಲ. ಅಳೆದವನ ಮಾತೇ ನಮಗೆ ಕಣ್ಣು, ಮೂಗು ಎಲ್ಲ. ಆ ಮಾತು ಕೆಟ್ಟರೆ ಉಳಿದದ್ದೆಲ್ಲ ಕೆಟ್ಟಿತು.

ಮೂರನೆಯದು ಆಸ್ಟ್ರೇಲಿಯಾದ ಮರಲಿಂಗಾ. ಬ್ರಿಟನ್ 1956 ಮತ್ತು 57ರಲ್ಲಿ ಅಲ್ಲಿನ ಮೂಲನಿವಾಸಿಗಳ ನೆಲದಲ್ಲಿ ಏಳು ಅಣುಬಾಂಬ್ ಸಿಡಿಸಿತು. 1963ರವರೆಗೆ 'ಸಣ್ಣ ಪ್ರಯೋಗ'ಗಳನ್ನೂ ಮಾಡಿತು. ಹೆಸರು ಸಣ್ಣದು, ಕೊಳೆ ದೊಡ್ಡದು. ತರನಾಕಿ ಎಂಬ ಜಾಗದಲ್ಲಿ ಸಿಡಿಮದ್ದು ಇಟ್ಟು ಸುಮಾರು 22 ಕೆಜಿ ಪ್ಲುಟೋನಿಯಂ ಅನ್ನು ಬಯಲಿಗೆ ಚೆಲ್ಲಾಡಿತು. 1967ರಲ್ಲಿ ಹೊರಡುವ ಮುಂಚೆ ಬ್ರಿಟಿಷರು ಮಾಡಿದ 'ಸ್ವಚ್ಛತೆ' ಎಂದರೆ ಒಂದಷ್ಟು ಗುಂಡಿಗೆ ತುಂಬಿ ಕಾಂಕ್ರೀಟ್ ಮುಚ್ಚಿದ್ದು, ಉಳಿದ ನೆಲವನ್ನು ಉತ್ತು ಮಣ್ಣು ಮಗುಚಿದ್ದು. ಹೌದು, ಉತ್ತದ್ದು. ಆಮೇಲೆ ಒಂದು ವರದಿ ಬರೆದರು: ಪ್ಲುಟೋನಿಯಂ ಬಹುಪಾಲು ಗುಂಡಿಗಳಲ್ಲಿ ಭದ್ರವಾಗಿದೆ. 1968ರಲ್ಲಿ ಆಸ್ಟ್ರೇಲಿಯಾ ಸರ್ಕಾರ ಅದನ್ನು ನಂಬಿ, ಬ್ರಿಟನ್ ಹೊಣೆ ಮುಗಿಯಿತು ಎಂದು ಸಹಿ ಹಾಕಿತು.

1984ರಲ್ಲಿ, ನೆಲವನ್ನು ಮೂಲನಿವಾಸಿಗಳಿಗೆ ಹಿಂದಿರುಗಿಸುವ ಮಾತು ನಡೆದಿದ್ದಾಗ, ಆಸ್ಟ್ರೇಲಿಯಾದ ವಿಜ್ಞಾನಿಗಳು ತಾವೇ ಹೋಗಿ ಅಳೆದರು. ಗುಂಡಿಯಲ್ಲಿದೆ ಎಂದಿದ್ದ ಪ್ಲುಟೋನಿಯಂ ನೆಲದ ಮೇಲೇ ಚೂರುಚೂರಾಗಿ ಬಿದ್ದಿತ್ತು. ಬರಿಗಾಲಲ್ಲಿ ಓಡಾಡುವ, ನೆಲದ ಮೇಲೆ ಮಲಗುವ, ಧೂಳಿನಲ್ಲಿ ಮಕ್ಕಳು ಆಡುವ ಸಮುದಾಯಕ್ಕೆ ಕೊಡಲು ಹೊರಟಿದ್ದ ನೆಲ ಅದು. ಬಳಿಕ ರಾಯಲ್ ಆಯೋಗ ಕೂತಿತು. 1996ರಿಂದ 2000ದವರೆಗೆ 10.8 ಕೋಟಿ ಆಸ್ಟ್ರೇಲಿಯನ್ ಡಾಲರ್ ಖರ್ಚಾಯಿತು. ಬ್ರಿಟನ್ ಕೊಟ್ಟದ್ದು 2 ಕೋಟಿ ಪೌಂಡ್. ಆ ಹಂತದಲ್ಲೂ, ಗುಂಡಿಯ ಕಸವನ್ನು ವಿದ್ಯುತ್ತಿನಿಂದ ಕರಗಿಸಿ ಗಾಜಿನಂತೆ ಗಟ್ಟಿ ಮಾಡುವ ವಿಧಾನ 1999ರಲ್ಲಿ ಒಂದು ಸ್ಫೋಟವಾದ ಮೇಲೆ ನಿಂತಿತು, ಉಳಿದದ್ದನ್ನು ಹೂತರು. ಇವತ್ತಿಗೂ ಅಲ್ಲಿ 100 ಚದರ ಕಿ.ಮೀ.ಗೂ ಹೆಚ್ಚು ನೆಲ ಖಾಯಂ ವಾಸಕ್ಕೆ ಲಾಯಕ್ಕಿಲ್ಲ. ಪ್ಲುಟೋನಿಯಂ ಅರ್ಧಕ್ಕಿಳಿಯಲು 24,000 ವರ್ಷ. ಬ್ರಿಟನ್ನಿನ ಆ 'ಭದ್ರ' ಎಂಬ ಮಾತು ಬಾಳಿದ್ದು 16 ವರ್ಷ.

ಮೂರು ಕಥೆಯಲ್ಲೂ ಒಂದೇ ಎಳೆ ಇದೆ. ಸುಳ್ಳು ಸಿಕ್ಕಿಬಿದ್ದದ್ದು ಹೊರಗಿನವರು ಅಳೆದಾಗ, ಇಲ್ಲವೇ ಒಳಗಿನ ಕೂಲಿಯವನು ಬಾಯಿಬಿಟ್ಟಾಗ. ಕೊಳೆ ಮಾಡಿದವನು ತಾನಾಗಿ ಬಂದು 'ಲೆಕ್ಕ ತಪ್ಪಿದೆ, ಮತ್ತೆ ಅಗೆಯುತ್ತೇನೆ' ಎಂದದ್ದು ಈ ಮೂರರಲ್ಲಿ ಒಂದೂ ಇಲ್ಲ.

ದೂರದ ದೇಶಗಳ ಕಥೆ ನಮಗೇಕೆ ಎನ್ನುವವರು ಇರುತ್ತಾರೆ. ಕೈಗಾ ದೂರವೇನಲ್ಲವಲ್ಲ. ಕಾಳಿ ನದಿ ದಂಡೆಯಲ್ಲಿ ತಲಾ 220 ಮೆಗಾವ್ಯಾಟ್‌ನ ನಾಲ್ಕು ರಿಯಾಕ್ಟರ್ ಇವೆ, 2000ನೇ ಇಸವಿಯಿಂದ ವಿದ್ಯುತ್ ಕೊಡುತ್ತಿವೆ. ಯಾವ ರಿಯಾಕ್ಟರೂ ಚಿರಂಜೀವಿ ಅಲ್ಲ. ಇವತ್ತು ಹೊಸ ಸ್ಥಾವರ, ನಾಳೆ ಹಳೆಯ ನೆಲೆ. ಅದನ್ನು ಬಿಚ್ಚುವವರು ಯಾರು, ಆ ಮಣ್ಣನ್ನು ಅಳೆಯುವವರು ಯಾರು ಎಂದು ಈಗ ಕೇಳದಿದ್ದರೆ ಮತ್ತೆ ಯಾವಾಗ ಕೇಳುವುದು? ಸ್ಥಾವರ ಕಟ್ಟಿ ನಡೆಸುವ ಅಣುವಿದ್ಯುತ್ ನಿಗಮ ಅಣುಶಕ್ತಿ ಇಲಾಖೆಯದು. ಸುತ್ತಲಿನ ನೀರು, ಹಾಲು, ಮೀನು, ಮಣ್ಣು ಪರೀಕ್ಷಿಸುವ ಪರಿಸರ ಪ್ರಯೋಗಾಲಯ ಭಾಭಾ ಅಣು ಸಂಶೋಧನಾ ಕೇಂದ್ರದ್ದು, ಅದೂ ಅದೇ ಇಲಾಖೆ. ಇವರಿಬ್ಬರ ಮೇಲೆ ಕಣ್ಣಿಡಬೇಕಾದ ಅಣುಶಕ್ತಿ ನಿಯಂತ್ರಣ ಮಂಡಳಿ 1983ರಲ್ಲಿ ಒಂದು ಸರ್ಕಾರಿ ಆದೇಶದಿಂದ ಹುಟ್ಟಿ, ಅಣುಶಕ್ತಿ ಆಯೋಗಕ್ಕೆ ವರದಿ ಒಪ್ಪಿಸುತ್ತ ಬಂತು. ಆಯೋಗದ ಅಧ್ಯಕ್ಷರು ಯಾರು? ಅದೇ ಇಲಾಖೆಯ ಕಾರ್ಯದರ್ಶಿ. ಗಂಡಿನ ಕಡೆಯವರೂ ಅವರೇ, ಹೆಣ್ಣಿನ ಕಡೆಯವರೂ ಅವರೇ, ಜಾತಕ ನೋಡುವ ಜೋಯಿಸರೂ ಅವರೇ.

ಇದು ನಮ್ಮ ಕುಹಕವಲ್ಲ. 2012ರಲ್ಲಿ ಮಹಾಲೇಖಪಾಲರ ವರದಿ ಸಂಸತ್ತಿನ ಮುಂದೆ ಇದನ್ನೇ ಹೇಳಿತು. ಸ್ಥಾವರ ಕಳಚುವ ಯೋಜನೆ ಇರಬೇಕೆಂದು ನಿಯಂತ್ರಣ ಮಂಡಳಿಯೇ ಕೈಪಿಡಿ ಹೊರಡಿಸಿ 13 ವರ್ಷವಾದರೂ ದೇಶದ ಒಂದೇ ಒಂದು ಅಣುವಿದ್ಯುತ್ ಸ್ಥಾವರಕ್ಕೂ ಅಂಥ ಯೋಜನೆ ಇರಲಿಲ್ಲ. 30 ವರ್ಷ ಓಡಿದ್ದಕ್ಕೂ ಇಲ್ಲ, ನಿಂತುಹೋದದ್ದಕ್ಕೂ ಇಲ್ಲ. ನಿಯಮ ಮುರಿದರೆ ಗರಿಷ್ಠ ದಂಡ 500 ರೂಪಾಯಿ. ಹೆಲ್ಮೆಟ್ ಇಲ್ಲದೆ ಬೈಕ್ ಓಡಿಸಿದವನಿಗೆ ಬೀಳುವ ದಂಡದ ಆಸುಪಾಸು. ಮುಂದೊಂದು ದಿನ ಸ್ಥಾವರ ಕಳಚಲು ಎಂದು ಗ್ರಾಹಕರಿಂದ ಯುನಿಟ್‌ಗೆ 2 ಪೈಸೆ ವಸೂಲಿ ಮಾಡುತ್ತಿದ್ದರು. 1991ರಲ್ಲಿ ನಿಗದಿಯಾದ ದರ ಅದು. 1991ರಲ್ಲಿ 2 ಪೈಸೆಗೆ ಏನು ಸಿಗುತ್ತಿತ್ತೋ ಹಿರಿಯರನ್ನು ಕೇಳಿ ನೋಡಿ.

ಅಳತೆ, ಲೆಕ್ಕ, ಕಡತ ಇಲ್ಲದಿದ್ದರೆ ಏನಾಗುತ್ತದೆ ಎಂದು ದೆಹಲಿಯ ಮಾಯಾಪುರಿ 2010ರಲ್ಲೇ ತೋರಿಸಿದೆ. ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ 1985ರಿಂದ ಬಳಸದೇ ಬಿದ್ದಿದ್ದ ಕೋಬಾಲ್ಟ್ ಯಂತ್ರವೊಂದನ್ನು ಗುಜರಿಗೆ ಹರಾಜು ಹಾಕಿದರು. ಗುಜರಿ ಅಂಗಡಿಯವರು ಅದನ್ನು ಒಡೆದರು. ಒಬ್ಬ ಕೆಲಸಗಾರ ಸತ್ತ, ಹಲವರು ಆಸ್ಪತ್ರೆ ಸೇರಿದರು. ದೇಶದ ರಾಜಧಾನಿಯ ಹೆಸರಾಂತ ವಿಶ್ವವಿದ್ಯಾಲಯದಲ್ಲೇ 25 ವರ್ಷ ಒಂದು ಯಂತ್ರವನ್ನು ಯಾರೂ ವಿಚಾರಿಸಿಕೊಳ್ಳಲಿಲ್ಲ ಎಂದರೆ, ಕಾಡಂಚಿನ ಊರಿನ ಮಣ್ಣನ್ನು ವಿಚಾರಿಸಿಕೊಳ್ಳುತ್ತಾರೆ ಎಂದು ಹೇಗೆ ನಂಬುವುದು?

2011ರಲ್ಲಿ ಸ್ವತಂತ್ರ ಪ್ರಾಧಿಕಾರಕ್ಕೆ ಒಂದು ಮಸೂದೆ ಬಂದಿತ್ತು. 2014ರಲ್ಲಿ ಲೋಕಸಭೆಯ ಅವಧಿಯ ಜೊತೆಗೇ ಅದೂ ಸತ್ತಿತು. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಅಂಗೀಕರಿಸಿದ ಹೊಸ ಅಣುಶಕ್ತಿ ಕಾನೂನು ನಿಯಂತ್ರಣ ಮಂಡಳಿಗೆ ಶಾಸನದ ಸ್ಥಾನ ಕೊಟ್ಟಿದೆ, ಅದರ ಜೊತೆಗೇ ಖಾಸಗಿ ಕಂಪನಿಗಳಿಗೂ ಅಣುವಿದ್ಯುತ್ತಿನ ಬಾಗಿಲು ತೆರೆದಿದೆ. ಮೊದಲನೆಯದನ್ನು ಸ್ವಾಗತಿಸೋಣ. ಎರಡನೆಯದಕ್ಕೆ ಹಂಟರ್ಸ್ ಪಾಯಿಂಟ್ ನೆನಪಿಟ್ಟುಕೊಳ್ಳೋಣ. ಬೋರ್ಡಿನ ಹೆಸರು ಗಟ್ಟಿಯಾದ ಮಾತ್ರಕ್ಕೆ ಗುಂಡಿಯ ಬಳಿ ನಿಂತು ನೋಡುವ ಕಣ್ಣು ಹುಟ್ಟುವುದಿಲ್ಲ. ಅಮೆರಿಕದ ಇಪಿಎ ಶಾಸನಬದ್ಧವೇ ಆಗಿತ್ತು.

ಹಾಗಾದರೆ ಏನು ಮಾಡಬೇಕು? ನಮ್ಮ ಬೇಡಿಕೆಗಳು ದೊಡ್ಡವಲ್ಲ.

ಮಾದರಿ ತೆಗೆಯುವವನ ಸಂಬಳ ಸ್ವಚ್ಛಗೊಳಿಸುವ ಗುತ್ತಿಗೆದಾರನ ಜೇಬಿನಿಂದ ಬರಬಾರದು. ಪ್ರತಿ ಮಾದರಿಯನ್ನೂ ಸ್ಥಳದಲ್ಲೇ ಎರಡು ಪಾಲು ಮಾಡಿ, ಒಂದು ಪಾಲು ಸುತ್ತಲಿನ ಗ್ರಾಮಸಭೆ ಆರಿಸಿದ ಲ್ಯಾಬಿಗೆ ಹೋಗಬೇಕು, ಅದರ ಖರ್ಚು ಯೋಜನೆಯ ಬಾಬ್ತಿನಿಂದಲೇ ಬರಬೇಕು. ರಾಕಿ ಫ್ಲಾಟ್ಸ್ ಜನ ಇಂಥದ್ದನ್ನು ಗಿಟ್ಟಿಸಿಕೊಂಡದ್ದರಿಂದಲೇ 651 ಹೋಗಿ 50 ಬಂತು. ಫಲಿತಾಂಶ ಸಾರಾಂಶವಾಗಿ ಅಲ್ಲ, ಜಾಗದ ಸಮೇತ, ಅಂಕಿ ಸಮೇತ, ಕನ್ನಡದಲ್ಲಿ ಪಂಚಾಯಿತಿ ಗೋಡೆಗೆ ಬರಬೇಕು. ಮಿತಿ ಮೀರಿದ ಅಂಕಿ ಬಂದರೆ 11 ತಿಂಗಳಲ್ಲ, 24 ಗಂಟೆಯೊಳಗೆ ಜನಕ್ಕೆ ತಿಳಿಯಬೇಕು. ಒಳಗಿನ ಸುಳ್ಳನ್ನು ಬಯಲಿಗೆಳೆದ ಗುತ್ತಿಗೆ ಕೂಲಿಯವನ ಕೆಲಸ ಹೋಗಬಾರದು, ಹಂಟರ್ಸ್ ಪಾಯಿಂಟ್ ಹೊರಬಂದದ್ದೇ ಅಂಥವರಿಂದ. ಕೊನೆಯದಾಗಿ, ಹೂತದ್ದನ್ನು ಪಹಣಿಯಲ್ಲಿ ಬರೆಯಬೇಕು. ಬಾವಿ ಎಷ್ಟು, ಮರ ಎಷ್ಟು, ಬೆಳೆ ಯಾವುದು ಎಂದು ಬರೆಯುವ ಸರ್ಕಾರಕ್ಕೆ ಎಷ್ಟು ಅಡಿ ಕೆಳಗೆ ಏನು ಹೂತಿದೆ ಎಂದು ಬರೆಯಲು ಇನ್ನೊಂದು ಕಾಲಂ ಭಾರವಾಗದು. ಕಂಪನಿ ಮುಚ್ಚುತ್ತದೆ, ಇಲಾಖೆಯ ಹೆಸರು ಬದಲಾಗುತ್ತದೆ, ಅಧಿಕಾರಿ ನಿವೃತ್ತನಾಗುತ್ತಾನೆ. ನೆಲ ಮಾತ್ರ ಅಲ್ಲೇ ಇರುತ್ತದೆ, ಇನ್ಯಾರದೋ ಹೆಸರಿಗೆ ಖಾತೆಯಾಗುತ್ತದೆ. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು, ಸಯನೈಡ್ ಗುಡ್ಡಗಳ ಧೂಳು ಮಾತ್ರ ಇನ್ನೂ ಊರಿನ ಮೇಲೆ ಬೀಳುತ್ತಿದೆ ಎಂಬುದನ್ನು ಕೆಜಿಎಫ್‌ನವರನ್ನು ಕೇಳಿದರೆ ಸಾಕು.

ಇನ್ನು ನಮ್ಮ ವೃತ್ತಿಯವರಿಗೆ ಒಂದು ಮಾತು. ತಾಲ್ಲೂಕಿನಿಂದ ಸುದ್ದಿ ಕಳಿಸುವ ಗೆಳೆಯರೇ, ಮುಂದಿನ ಸಲ 'ಅಪಾಯವಿಲ್ಲ' ಎಂಬ ಪ್ರೆಸ್‌ನೋಟ್ ಕೈಗೆ ಬಂದಾಗ ಅದನ್ನು ಹಾಗೇ ಟೈಪ್ ಮಾಡಬೇಡಿ. ಮೂರು ಪ್ರಶ್ನೆ ಕೇಳಿ. ಎಲ್ಲಿ ಅಳೆದಿರಿ? ಅಂಕಿ ಎಷ್ಟು ಬಂತು? ನಿಮ್ಮ ಇಲಾಖೆಯ ಹೊರಗಿನವರು ಯಾರಾದರೂ ಅಳೆದರೇ? ಉತ್ತರ ಸಿಕ್ಕರೆ ಅದನ್ನೇ ಬರೆಯಿರಿ, ಅಪಾಯವಿದೆಯೋ ಇಲ್ಲವೋ ಓದುಗರು ಅರ್ಥ ಮಾಡಿಕೊಳ್ಳುತ್ತಾರೆ. ಉತ್ತರ ಸಿಗದಿದ್ದರೆ, ಕೇಳಿದೆವು, ಉತ್ತರ ಕೊಡಲಿಲ್ಲ ಎಂದು ಬರೆಯಿರಿ. ಅದೂ ಸುದ್ದಿಯೇ. ಬಹುಶಃ ಆ ದಿನದ ಮುಖ್ಯ ಸುದ್ದಿ.